ಜಾಲ ಎಂದರೆ ಜಾಲಹಳ್ಳಿಯಲ್ಲ

"ಪ್ಲೇಗಲ್ಲಿ ಹೋದೋನ್ನ ಬಸ್ಸಲ್ಲಿ ಹೋಗಿ ಹುಡುಕ್ತಾನಂತೆ ನಮ್ ಬಿ.ಎ. ಸಾಹೇಬ! ಸಿಕ್ದಂಗೇ ಬಿಡು."

ಹೀಗೆ ಅಂದವರು ನಮ್ಮ ಚಿಕ್ಕಪ್ಪ. ನಾನು ಬಿ.ಎ. ಪಾಸಾಗುವುದಿಲ್ಲ ಎಂದವರೂ ಅವರೇ. ಎರಡನೆಯ ಸಲಕ್ಕೆ ಪಾಸಾದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲು. ಹಾಗಾಗಿ ಚಿಕ್ಕಪ್ಪ ಆಗದು ಅಂದರೆ ನನಗೆ ಅರ್ಧ ಕೆಲಸ ಆದಂತೆಯೇ ಲೆಕ್ಕ.

ಹುಡುಕಬೇಕಾಗಿದ್ದುದು ನಮ್ಮ ತಾತ ಮುನಿಯಪ್ಪನವರ ತಮ್ಮ ಪಿಳ್ಳಪ್ಪನನ್ನು. ತಾತ ಹುಡುಗರಾಗಿದ್ದಾಗ ಪ್ಲೇಗು ಬಂದು, ಯಶವಂತಪುರದ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಆ ಗದ್ದಲದಲ್ಲಿ ಹತ್ತು ವರ್ಷದ ಪಿಳ್ಳಪ್ಪ ಕಾಣೆಯಾದ. ಸತ್ತನೆಂದೇ ತಿಳಿದು, ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ಅವನಿಗೂ ಒಂದು ಎಲೆ ಹಾಕಿ ಎಡೆ ಇಡುತ್ತಿದ್ದರು.

ಈ ಸಲ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಹೆಳವ ಬಂದ. ಎತ್ತಿನ ಮೇಲೆ ಊರೂರು ಸುತ್ತಿ, ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಓದಿ ಹೇಳುವವರು ಈ ಹೆಳವರು. ಇವನ ಅಪ್ಪ ಬಂದು ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಜಗಲಿಯಲ್ಲಿ ಕೂತು ಹಳೆಯ ಪುಸ್ತಕ ಬಿಚ್ಚಿ ಓದುತ್ತಾ ಹೋದವನು, "ಮುನಿಯಪ್ಪನ ತಮ್ಮ ಪಿಳ್ಳಪ್ಪ, ಜಾಲದಾಗೆ ಒಲೆ ಹೂಡಿದ" ಎಂದ.

ತಾತ ಎದ್ದು ನಿಂತರು. "ಸತ್ತಿದ್ದು ಬರ್ದಿಲ್ವಾ?"

"ಇಲ್ಲ ಯಜಮಾನ್ರೇ. ನಮ್ಮಪ್ಪ ಬರ್ದಿರೋದು ಇಷ್ಟೇಯ."

ಆವತ್ತಿನಿಂದ ತಾತ ಸರಿಯಾಗಿ ಉಣ್ಣಲಿಲ್ಲ. "ಬದುಕಿರೋನಿಗೆ ಎಡೆ ಇಕ್ಕಿದ್ರೆ ಅವನ ಆಯಸ್ಸು ಕಿತ್ಕೊಂಡಂಗೆ ಕಣ್ಲಾ. ಇಷ್ಟು ವರ್ಸ ಅದೇ ಕೆಲ್ಸ ಮಾಡ್ದೆ ನಾನು." ಪಿಳ್ಳಪ್ಪ ಇದ್ದಾನೋ ಇಲ್ಲವೋ ತಿಳಿಯುವವರೆಗೆ ಈ ಮನೆಯಲ್ಲಿ ಯಾರಿಗೂ ಎಡೆ ಇಲ್ಲ ಎಂದುಬಿಟ್ಟರು. ಅವ್ವ ಗಾಬರಿಯಾದಳು. ನಾನು ಭಾನುವಾರ ಹೊರಟೆ.

ಜಾಲ ಅಂದರೆ ಜಾಲಹಳ್ಳಿ, ಇದರಲ್ಲಿ ಯೋಚಿಸಲು ಏನಿದೆ ಎಂದುಕೊಂಡು ಬೆಳಗ್ಗೆ ಏಳರ ಬಸ್ಸು ಹತ್ತಿದೆ. ನಯಾಪೈಸೆ ಬಂದ ಹೊಸತು. ಎರಡೂವರೆ ಆಣೆಯ ಟಿಕೆಟ್ಟಿಗೆ ಹದಿನಾರು ನಯಾಪೈಸೆ ಕೇಳಿದ ಕಂಡಕ್ಟರನ ಮೇಲೆ ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು ಹರಿಹಾಯ್ದಳು. "ಎರಡೂವರೆ ಅಂದ್ರೆ ಎರಡೂವರೆ. ಹದಿನಾರು ಅಂದ್ರೆ ಒಂದು ರೂಪಾಯಿ ಕಣಯ್ಯ, ನಂಗೆ ಲೆಕ್ಕ ಬರಲ್ವಾ?" ಅವನು ಜಾಲಹಳ್ಳಿ ಬರುವವರೆಗೂ ಅವಳಿಗೆ ಪಾಠ ಹೇಳಿದ. ಅವಳು ಕಲಿಯಲಿಲ್ಲ.

ಜಾಲಹಳ್ಳಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸು ಸಾಲಾಗಿ ಎದ್ದಿವೆ. ಅಲ್ಲಿ ತಮಿಳು, ಮಲಯಾಳ, ಹಿಂದಿ ಎಲ್ಲ ಕಿವಿಗೆ ಬಿತ್ತು. ಹಳೆಯ ಊರು ಹಿಂದಕ್ಕಿದೆ. ಶಾನುಭೋಗರು ಮನೆಯಲ್ಲೇ ಸಿಕ್ಕರು. ವಯಸ್ಸಾದವರು, ಸಮಾಧಾನಿ. ನಾನು ಬಿ.ಎ. ಎಂದು ಹೇಳಿಕೊಂಡೆ. ನನಗಾಗಿ ಒಂದು ಗಂಟೆ ಹಳೆಯ ಪುಸ್ತಕಗಳನ್ನು ತಿರುವಿದರು. ಇಬ್ಬರು ಪಿಳ್ಳಪ್ಪಂದಿರು ಸಿಕ್ಕರು. ಒಬ್ಬನಿಗೆ ಮೂವತ್ತು ದಾಟಿಲ್ಲ. ಇನ್ನೊಬ್ಬ ಆ ಊರಿನಲ್ಲೇ ಹುಟ್ಟಿದವನು, ಅವರ ಮನೆಗೇ ಹಾಲು ಹಾಕುವವನು.

ಪುಸ್ತಕ ಮುಚ್ಚಿ ಕನ್ನಡಕ ತೆಗೆದು ಕೇಳಿದರು. "ಹೆಳವ ಓದಿದ್ದು ಜಾಲಹಳ್ಳಿ ಅಂತಲೋ, ಜಾಲ ಅಂತಲೋ?"

"ಜಾಲ ಅಂತ."

"ಏನ್ ಬಿ.ಎ. ರೀ ನಿಮ್ದು! ಜಾಲ ಅಂದ್ರೆ ಜಾಲಹಳ್ಳಿ ಅಲ್ಲ. ಯಲಹಂಕ ದಾಟಿ ಬಳ್ಳಾರಿ ರಸ್ತೇಲಿ ಹೋಗಿ. ಚಿಕ್ಕಜಾಲ, ದೊಡ್ಡಜಾಲ ಅಂತ ಎರಡಿವೆ. ಯಾವುದಾದ್ರೂ ಒಂದ್ರಲ್ಲಿ ಇರ್ತಾನೆ."

ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಚಿಕ್ಕಪ್ಪನಿಗೆ ನಗಲು ಅಷ್ಟು ಸಾಕು.

ಅಲ್ಲಿಂದ ಯಲಹಂಕಕ್ಕೆ ಐದಾರು ಮೈಲಿ. ಬಸ್ಸಿಗೆ ಕಾಯುವ ಬದಲು ನಡೆದೆ. ತುಂತುರು ಮಳೆ, ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಮೊಣಕಾಲೆತ್ತರದ ರಾಗಿ. ಚಪ್ಪಲಿಗೆ ಮಣ್ಣು ಮೆತ್ತಿ ಒಂದೊಂದೂ ಎರಡು ಸೇರು ಭಾರವಾಯಿತು. ಕೊನೆಗೆ ಕೈಯಲ್ಲಿ ಹಿಡಿದುಕೊಂಡೆ. ಯಲಹಂಕದ ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು ಕಾಫಿ ಕುಡಿದಾಗ ಹನ್ನೆರಡು ದಾಟಿತ್ತು. ಸಾಂಬಾರು ಚೆನ್ನಾಗಿತ್ತು, ಇಡ್ಲಿ ಬೆಳಗ್ಗಿನದು.

ಒಂದು ಗಂಟೆಯ ಬಸ್ಸು ಒಂದೂ ಮುಕ್ಕಾಲಿಗೆ ಬಂತು. ಹುಣಸಮಾರನಹಳ್ಳಿಯಲ್ಲಿ ಅರ್ಧ ಬಸ್ಸು ಇಳಿಯಿತು. ನಾನು ಚಿಕ್ಕಜಾಲದಲ್ಲಿ ಇಳಿದು ಟೀ ಅಂಗಡಿಯವನನ್ನು ವಿಚಾರಿಸಿದೆ.

"ಯಾವ್ ಪಿಳ್ಳಪ್ಪ? ಪ್ಲೇಗ್ ಪಿಳ್ಳಪ್ಪನ ಮನೆಯಾ? ಅದು ದೊಡ್ಡಜಾಲ."

"ಇದಾರಾ ಅವರು?"

"ನಾನು ಈ ಕಡೀಕೆ ಬಂದು ಮೂರು ವರ್ಸ. ಮನೆ ಎಸ್ರು ಗೊತ್ತು, ಆಳು ಗೊತ್ತಿಲ್ಲ."

ದೊಡ್ಡಜಾಲಕ್ಕೆ ನಡೆದೇ ಹೋದೆ. ಹೆಸರು ಹೇಳಿದೊಡನೆ ಮೂರು ಜನ ಒಟ್ಟಿಗೆ ಕೈ ತೋರಿಸಿದರು. ಹೆಂಚಿನ ಸಣ್ಣ ಮನೆ. ಬಾಗಿಲಲ್ಲಿ ಐವತ್ತರ ಹತ್ತಿರದ ಹೆಂಗಸು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ನನ್ನ ಬಿಳಿ ಅಂಗಿ, ಬಗಲಿನ ಚೀಲ ನೋಡಿ, "ಮಲೇರಿಯಾದೋನಾ? ಸೊಳ್ಳೆ ಔಸ್ದಿ ಒಡೆದು ಓದ್ರಲ್ಲ ಆಗ್ಲೇ" ಎಂದಳು.

"ಅಲ್ಲಮ್ಮ. ಪಿಳ್ಳಪ್ಪನವರನ್ನ ನೋಡ್ಬೇಕಿತ್ತು."

"ನಮ್ಮಪ್ಪ ತೀರ್ಕೊಂಡು ನಾಕು ವರ್ಸ ಆಯ್ತಲ್ಲಪ್ಪ. ನೀನ್ಯಾರು?"

"ಯಶವಂತಪುರದ ಮುನಿಯಪ್ಪನವರ ಮೊಮ್ಮಗ."

ಅವಳ ಕೈ ಮೊರದಲ್ಲೇ ನಿಂತಿತು. "ಯಾವ್ ಮುನಿಯಪ್ಪ? ನಮ್ ದೊಡ್ಡಪ್ಪನಾ? ಪ್ಲೇಗಲ್ಲಿ ಸತ್ತೋರು?"

"ಸತ್ತಿಲ್ಲ. ಬೆಳಗ್ಗೆ ನಾನು ಹೊರಡುವಾಗ ಹಿತ್ತಲಲ್ಲಿ ಹಲ್ಲು ಉಜ್ಜುತಾ ಇದ್ರು."

"ಅಯ್ಯೋ ಸಿವನೇ! ವರ್ಸ ವರ್ಸ ಎಡೆ ಇಕ್ತೀವಲ್ಲಪ್ಪ ಅವ್ರಿಗೆ!"

"ನಾವೂ ನಿಮ್ಮಪ್ಪನಿಗೆ ಇಡ್ತೀವಿ."

ಅವಳು ನನ್ನ ಮುಖವನ್ನೇ ನೋಡಿದಳು. ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಒಳೀಕೆ ಬಾ. ಅಮ್ಮ ಗಿಮ್ಮ ಅನ್ಬೇಡ, ಅತ್ತೆ ಅನ್ನು. ನಿಮ್ಮಪ್ಪಂಗೆ ನಾನು ತಂಗಿ ಆಗ್ಬೇಕು."

ಅತ್ತೆಯ ಹೆಸರು ಅಕ್ಕಯ್ಯಮ್ಮ. ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸುತ್ತಾ ಹೇಳಿದರು. ಪಿಳ್ಳಪ್ಪ ಗುಡಿಸಲಿನಿಂದ ಸೌದೆಗೆ ಹೋಗಿ ದಾರಿ ತಪ್ಪಿದನಂತೆ. ಮೂರನೆಯ ದಿನ ತಿರುಗಿ ಬಂದರೆ ಅಲ್ಲಿ ಬೂದಿ ಮಾತ್ರ ಇತ್ತಂತೆ. ಪ್ಲೇಗು ತಗಲಿದ ಗುಡಿಸಲುಗಳನ್ನು ಸುಟ್ಟು ಜನ ಬೇರೆ ಕಡೆ ಹೋಗಿದ್ದರು. ಎಲ್ಲರೂ ಸತ್ತರೆಂದುಕೊಂಡು ಹುಡುಗ ಗಾಡಿಯವರ ಹಿಂದೆ ಉತ್ತರಕ್ಕೆ ಬಂದ. ಇಲ್ಲಿ ಸಂಬಳಕ್ಕಿದ್ದ ಮನೆಯವರೇ ಹೆಣ್ಣು ಕೊಟ್ಟರು. ಹೆಳವನ ಅಪ್ಪನಿಗೆ ಜಾಲದ ಸುದ್ದಿ ಯಾರು ಹೇಳಿದರೋ ಅತ್ತೆಗೂ ಗೊತ್ತಿರಲಿಲ್ಲ.

"ಅಮಾಸೆ ದಿನ ನಮ್ಮಪ್ಪ ಅವ್ರಣ್ಣನ ಎಲೆಗೆ ತಾವೇ ಬಡಿಸೋರು. ಆ ಎಲೆಗೆ ಕಡ್ಲೆಕಾಯಿ, ಬೆಲ್ಲ ಇಕ್ದೆ ಬೇರೆ ಯಾರ್ಗೂ ಬಡಿಸ್ತಿರ್ಲಿಲ್ಲ."

ಉಂಡೆದ್ದು ಪಟೇಲರ ಮನೆಗೆ ಹೋದೆವು. ಊರಿನ ಜನನ ಮರಣದ ಪುಸ್ತಕ ಅವರಲ್ಲಿತ್ತು. ತಾತನನ್ನು ಕಂಗೆಡಿಸಿದ್ದು ಬರಹ, ಬಾಯಿಮಾತಿಗೆ ಅವರು ಜಗ್ಗುವವರಲ್ಲ. ನನಗೆ ಬರಹವೇ ಬೇಕಿತ್ತು. ವಿಷಯ ಕೇಳಿ ಪಟೇಲರು ಹೊಟ್ಟೆ ಕುಣಿಸಿ ನಕ್ಕರು.

"ಎಡೆ ಇಕ್ಕಕ್ಕೂ ಸರ್ಟಿಫಿಕೇಟ್ ಬೇಕೇನಯ್ಯ ನಿಮ್ಮೂರಾಗೆ?"

"ನಮ್ಮ ತಾತನಿಗೆ ಬೇಕು, ಸ್ವಾಮಿ."

ನಗುತ್ತಲೇ ಪುಸ್ತಕ ತೆಗೆದರು. ಪಿಳ್ಳಪ್ಪ, ತಂದೆ ದೊಡ್ಡಮುನಿಯಪ್ಪ. ಅದು ನಮ್ಮ ಮುತ್ತಾತನ ಹೆಸರೇ. ಪಟೇಲರು ಅರ್ಧ ಹಾಳೆಯಲ್ಲಿ ನಕಲು ಮಾಡಿ, ಸಹಿ ಹಾಕಿ, ಮೊಹರು ಒತ್ತಿ, ಶಾಯಿ ಆರಲೆಂದು ಊದಿ ಕೊಟ್ಟರು. ನನ್ನ ಡಿಗ್ರಿಯ ಕಾಗದವನ್ನೂ ನಾನು ಅಷ್ಟು ಜೋಪಾನವಾಗಿ ಮಡಿಸಿರಲಿಲ್ಲ.

ಅತ್ತೆ ಬಳ್ಳಾರಿ ರಸ್ತೆಯವರೆಗೆ ಬಂದು ಬಸ್ಸು ಹತ್ತಿಸಿದರು. ಕಿಟಕಿಯ ಪಕ್ಕ ಕೂತು ಯೋಚಿಸಿದೆ. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಅಂದರೆ, ಅದಕ್ಕೆ ಮುಂಚಿನ ಅಷ್ಟೂ ಅಮಾವಾಸ್ಯೆ ತಾತ ಬದುಕಿದ್ದವನಿಗೇ ಎಡೆ ಇಟ್ಟಿದ್ದರು. ಅವರು ಹೆದರಿದ್ದೂ ಅದಕ್ಕೇ. ಸುಳ್ಳು ಹೇಳಲೇ ಎಂದು ಹೆಬ್ಬಾಳದವರೆಗೆ ಯೋಚಿಸಿ, ಬೇಡ ಎಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ತಾತ ಜಗಲಿಯಲ್ಲೇ ಕೂತಿದ್ದರು. ಚಿಕ್ಕಪ್ಪ ಅವರ ಪಕ್ಕದಲ್ಲಿ, ನಗಲು ಸಿದ್ಧರಾಗಿ. ನಾನು ಜಾಲಹಳ್ಳಿಯ ಸಂಗತಿ ಒಂದು ಬಿಟ್ಟು ಎಲ್ಲವನ್ನೂ ನಡೆದ ಹಾಗೆ ಹೇಳಿದೆ. ದೊಡ್ಡಜಾಲದ ಎಡೆಯ ವಿಷಯ ಬಂದಾಗ ತಾತ ತಲೆ ಎತ್ತಿದರು. ಚಿಕ್ಕಪ್ಪ ನಗಲಿಲ್ಲ. ಕಾಗದವನ್ನು ಓದಿ ತಾತನ ಕೈಗೆ ಕೊಟ್ಟೆ. ಅವರು ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಅವನು ಇಕ್ಕಿದ್ದಕ್ಕೆ ನಾನು ಸತ್ನಾ? ಇಲ್ವಲ್ಲ" ಎಂದರು. "ಅಂಗಾದ್ರೆ ನಾನು ಇಕ್ಕಿದ್ದಕ್ಕೆ ಅವನೂ ಸತ್ತಿಲ್ಲ ಬಿಡು. ಇಬ್ರೂ ಒಬ್ರಿಗೊಬ್ರು ಉಣ್ಣಕ್ಕಿಕ್ತಾ ಇದ್ವಿ, ಅಷ್ಟೇಯ. ನಿಮ್ಮವ್ವಂಗೆ ಯೋಳು, ಈ ಸಲ ಅವನ ಎಲೆಗೆ ನಾನೇ ಬಡಿಸ್ತೀನಿ."