ಶೀಟಿನ ಇನ್ನೊಂದು ತುದಿ

ಏಳೂವರೆಗೆ ಬನ್ನಿ ಎಂದರೆ ಆರೂಕಾಲಿಗೇ ಬಂದು ಮೆಟ್ಟಿಲ ಮೇಲೆ ಕೂತಿರುವವರನ್ನು ಕಂಡರೆ ನನಗಾಗುವುದಿಲ್ಲ. ಬೀಗ ತೆಗೆಯಲು ಬಂದವನಿಗೆ ತಾನೇ ತಡ ಮಾಡಿದೆನೇನೋ ಅನ್ನಿಸಿಬಿಡುತ್ತದೆ. ಒಂಬತ್ತು ವರ್ಷದ ಹಿಂದೆ ಒಂದು ಸೋಮವಾರ ನಮ್ಮ ಆಸ್ಪತ್ರೆಯ ಲಾಂಡ್ರಿಯ ಮೆಟ್ಟಿಲ ಮೇಲೆ ಹಾಗೆ ಕೂತಿದ್ದ ಹೆಂಗಸನ್ನು ನಾನು ಗಂಟುಮುಖ ಹಾಕಿಕೊಂಡೇ ಒಳಗೆ ಕರೆದೆ. ವಯಸ್ಸು ನಲವತ್ತಾರು, ಕೈಯಲ್ಲಿ ಕೆಲಸದ ಆದೇಶ, ಪಕ್ಕದಲ್ಲಿ ಹಗ್ಗ ಬಿಗಿದ ಒಂದು ತಗಡಿನ ಟ್ರಂಕು. ಬಸ್ಸಿಳಿದು ಎರಡು ಮೈಲಿ ಅದನ್ನು ಹೊತ್ತುಕೊಂಡೇ ಬಂದಿದ್ದರಂತೆ. ಗಾಡಿ ಹಿಡಿಯಬಾರದಿತ್ತೇ ಎಂದು ಕೇಳಿದರೆ, ದಾರಿ ಗುರುತಾಗಲಿ ಅಂತ ನಡೆದೆ ಎಂದರು. ಆವತ್ತಿನಿಂದ ಇವತ್ತಿನವರೆಗೂ ಅವರು ನಮಗೆಲ್ಲ ಟ್ರಂಕಕ್ಕ.

ನಾನು ಅಲ್ಲಿನ ಸ್ಟೋರ್‌ಕೀಪರ್. ವಾರ್ಡುಗಳಿಂದ ಕೊಳೆಬಟ್ಟೆ ಇಳಿಸಿಕೊಳ್ಳುವುದು, ಒಗೆದದ್ದನ್ನು ಕಳಿಸುವುದು, ಯಾರಿಗೆ ಎಲ್ಲಿ ಕೆಲಸ ಎಂದು ಪಟ್ಟಿ ಬರೆಯುವುದು, ಉಳಿದ ಹೊತ್ತಿನಲ್ಲಿ ಎಲ್ಲರ ಮನೆ ಸುದ್ದಿ ಕೇಳುವುದು. ಕೊನೆಯದನ್ನು ಯಾರೂ ನನಗೆ ವಹಿಸಿರಲಿಲ್ಲ, ಆದರೂ ಅದಕ್ಕೆ ಒಂದು ದಿನವೂ ರಜೆ ಹಾಕಿದವನಲ್ಲ. ಹಾಗಾಗಿ ವಾರದೊಳಗೇ ಟ್ರಂಕಕ್ಕನ ಕತೆ ನನ್ನ ಕಿವಿಗೆ ಬಿತ್ತು. ಗೋಡೆಗೆ ಬಣ್ಣ ಬಳಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ತಮ್ಮನ ಮನೆಯಲ್ಲಿದ್ದರು. ಬೈದವರಿಲ್ಲ, ಊಟಕ್ಕೆ ಕಡಿಮೆ ಮಾಡಿದವರಿಲ್ಲ. ಉಗ್ರಾಣದ ಮೂಲೆಯಲ್ಲಿ ಅವರದೊಂದು ಹಾಸಿಗೆ. ಯಾರಿಗಾದರೂ ಏನಾದರೂ ಬೇಕಾದಾಗ ಮಾತ್ರ ಅವರ ನೆನಪಾಗುತ್ತಿತ್ತು. ಒಂದು ದಿನ ಹಳೇ ಪೇಪರ್ ಮಡಚಿಡುವಾಗ ನಮ್ಮ ಆಸ್ಪತ್ರೆಯ ಜಾಹೀರಾತು ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ ಅರ್ಜಿ ಹಾಕಿದರು. ಹೊರಡುವ ದಿನ ತಮ್ಮ ಬಾಗಿಲಲ್ಲಿ ನಿಂತು ನಕ್ಕನಂತೆ.

"ಒಂದು ತಿಂಗಳು ಇದ್ದು ನೋಡ್ಕೊಂಡು ಬಾ ಅಕ್ಕ. ನಿನ್ನ ಹಾಸಿಗೆ ಸುತ್ತಿಡಲ್ಲ, ಹಾಗೇ ಇರುತ್ತೆ."

ಅವನು ಪ್ರೀತಿಯಿಂದಲೇ ಹೇಳಿದ್ದು, ಯಾರೂ ಆಡಿಕೊಳ್ಳಬೇಡಿ ಎಂದು ಟ್ರಂಕಕ್ಕ ನಮಗೆ ತಾಕೀತು ಮಾಡಿದ್ದರು. ಆದರೆ ಆ ಮಾತು ಅವರನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯವರು ಕೊಟ್ಟದ್ದೂ ಒಂದೇ ತಿಂಗಳ ಅವಕಾಶ. ಕೈ ಕುದುರಿದರೆ ಕೆಲಸ ಖಾಯಂ, ಹಿತ್ತಲ ಸಾಲಿನ ಒಂಟಿ ಕೋಣೆಯೂ ಅವರದೇ. ಇಲ್ಲವಾದರೆ ಕೀಲಿಕೈ ನನಗೆ ಒಪ್ಪಿಸಿ, ಟ್ರಂಕು ಹೊತ್ತು, ಆ ಉಗ್ರಾಣದ ಹಾಸಿಗೆಗೆ ವಾಪಸ್ಸು.

ಕೋಣೆಯೂ ಅಷ್ಟಕ್ಕಷ್ಟೇ. ಮಂಚ ಹಾಕಿದರೆ ಟ್ರಂಕು ಮಂಚದಡಿಗೆ, ಕಿಟಕಿ ತೆರೆದರೆ ಬಾಯ್ಲರಿನ ಹೊಗೆಕೊಳವೆ. ತೋರಿಸಲು ನನಗೇ ಸಂಕೋಚ. ಟ್ರಂಕಕ್ಕ ಮಾತ್ರ ಒಳಗೆ ಹೋಗಿ ಬಾಗಿಲ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೆಟ್ಟಿದೆಯೇನೋ ಎಂದು ಹೊರಗಿನಿಂದ ಕೇಳಿದೆ. ಇಲ್ಲ ಸಾರ್, ಚೆನ್ನಾಗಿದೆ ಎಂದರು. ಉಗ್ರಾಣಗಳಿಗೆ ಒಳಗಡೆ ಚಿಲಕ ಇರುವುದಿಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಹೋಗಿ ಕೈಕಾಲು ತೊಳೆಯುವಾಗ.

ಕೆಲಸ ಎಂದರೆ ಬೆಡ್‌ಶೀಟು ಮಡಚುವುದು. ಅಷ್ಟೇನಾ ಎನ್ನುವವರು ಒಂದು ದಿನ ಬಂದು ನೋಡಬೇಕು. ಅಷ್ಟುದ್ದದ ಶೀಟು ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು ಒದರಿ, ಅಂಚಿಗೆ ಅಂಚು ಕೂಡಿಸಿ, ಅರ್ಧ ಅರ್ಧ ದಾರಿ ನಡೆದು ನಡುವೆ ಸೇರಬೇಕು. ಇದರಲ್ಲೊಂದು ಕಿತಾಪತಿ ಇದೆ. ಎದುರು ನಿಂತಾಗ ಒಬ್ಬರ ಬಲ ಇನ್ನೊಬ್ಬರಿಗೆ ಎಡ. ಇಬ್ಬರೂ ಬಲಗೈಯನ್ನೇ ಎತ್ತಿದರೆ ಶೀಟು ನಡುವೆ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಅದಕ್ಕೇ ಪ್ರತಿ ಜೋಡಿಯಲ್ಲೂ ಒಬ್ಬರು ಬಲಗೈ ಎತ್ತುವ ಬಲದವರು, ಒಬ್ಬರು ಎಡಗೈ ಎತ್ತುವ ಎಡದವರು. ಹಳಬರು ಬಲಕ್ಕೆ, ಹೊಸಬರು ಎಡಕ್ಕೆ. ವರ್ಷಗಟ್ಟಲೆ ಮಾಡಿ ಮಾಡಿ ಕೈ ಅದಕ್ಕೇ ಪಳಗಿಬಿಡುತ್ತದೆ. ಇನ್ನು ನೆಲಕ್ಕೆ ತಾಗಿದ ಶೀಟು, ಬರೀ ಮೂಲೆಯೇ ತಾಗಿರಲಿ, ಕೆಂಪು ಬುಟ್ಟಿಗೆ ಬಿದ್ದು ಮತ್ತೆ ಒಗೆತಕ್ಕೆ ಹೋಗಬೇಕು.

ಆಗ ಐದು ಜೋಡಿಗಳಿದ್ದವು. ಆರನೆಯದು ಮುರಿದಿತ್ತು. ಅದರ ಎಡದಾಕೆ ನಿವೃತ್ತಿಯಾಗಿ ಹೋಗಿದ್ದರು. ಬಲದವಳು ನನ್ನ ದೊಡ್ಡಮ್ಮ. ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು, ಆದರೆ ಆ ಪದ ನನ್ನ ಬಾಯಿಂದ ಹೋದದ್ದು. ಅವಳು ನಿಜವಾಗಿ ನನ್ನ ಅಮ್ಮನ ಅಕ್ಕ. ನನಗೆ ಆರು ವರ್ಷವಿದ್ದಾಗಿನಿಂದ ನನ್ನನ್ನು ಸಾಕಿ, ಓದಿಸಿ, ಈ ಕೆಲಸಕ್ಕೆ ಹಚ್ಚಿ, ಈಗಲೂ ಒಂದೇ ಸೂರಿನಡಿ ನನಗೆ ಬುದ್ಧಿ ಹೇಳಿಕೊಂಡಿದ್ದಾಳೆ. ಹತ್ತೊಂಬತ್ತು ವರ್ಷ ಬಲಕ್ಕೆ ನಿಂತವಳು. ಅವಳು ಶೀಟು ಒದರಿದ ಸದ್ದು ನನ್ನ ಸ್ಟೋರಿನವರೆಗೂ ಕೇಳುತ್ತಿತ್ತು. ಜೊತೆಗಾತಿ ಹೋದ ಮಾರನೇ ದಿನವೇ ತಾನಾಗಿ ಹೋಗಿ ದಿಂಬಿನ ಕವರ್ ಮಡಚಲು ಕೂತಳು, ಅದಕ್ಕೆ ಜೋಡಿ ಬೇಡ. ಟ್ರಂಕಕ್ಕನನ್ನು ಅವಳ ಜೊತೆ ಹಾಕಿ ಪಟ್ಟಿ ಬರೆದರೆ ಅದನ್ನು ಮಡಚಿ ನನ್ನ ಜೇಬಿಗೇ ತುರುಕಿದಳು. ಹೊಸಬರ ಜೊತೆ ಕೈ ಹೊಂದಿಸುವ ತಾಳ್ಮೆ ತನಗಿಲ್ಲ ಎಂದಳು. ಹಳೇ ಗೆಳತಿಯ ನೆನಪು, ಮೇಲೊಂದಿಷ್ಟು ಜಂಬ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡೆ. ನಮ್ಮಂಥವರು ಹೇಡಿತನಕ್ಕೆ ಮನೆಯ ನೆಮ್ಮದಿ ಎಂದು ಹೆಸರಿಟ್ಟಿರುತ್ತೇವೆ.

ಹೀಗಾಗಿ ಟ್ರಂಕಕ್ಕ ಒಂಟಿಯಾದರು. ಗೋಡೆಯ ಎರಡು ಕೊಕ್ಕೆಗಳಿಗೆ ಶೀಟಿನ ಮೂಲೆ ಸಿಕ್ಕಿಸಿ, ಈಚೆ ತುದಿಯನ್ನು ಗಲ್ಲದಡಿ ಒತ್ತಿಹಿಡಿದು, ಒಬ್ಬರೇ ಇಬ್ಬರ ಕೆಲಸ ಮಾಡುತ್ತಿದ್ದರು. ಏನು ಉಪಾಯ ಹೂಡಿದರೂ ಹತ್ತರಲ್ಲಿ ಒಂದು ನೆಲ ಮುಟ್ಟುತ್ತಿತ್ತು. ಯಾರೂ ನೋಡದಿದ್ದಾಗಲೂ ತಾವೇ ಅದನ್ನು ಕೆಂಪು ಬುಟ್ಟಿಗೆ ಹಾಕುತ್ತಿದ್ದರು. ಸುಮ್ಮನೆ ಕಪಾಟಿಗೆ ಸೇರಿಸಿದ್ದರೆ ನಾನೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆನೋ ಏನೋ. ತಿಂಗಳ ಕೊನೆಯ ವಾರ ಮೇಟ್ರನ್ ಆ ಬುಟ್ಟಿ ನೋಡಿ ನನ್ನನ್ನು ಕರೆಸಿದರು. ಶುಕ್ರವಾರ ತಾನೇ ಬಂದು ನಿಲ್ಲುವುದಾಗಿಯೂ, ಒಂದು ಗಂಟೆಯಲ್ಲಿ ಅರವತ್ತು ಶೀಟು ಆಗಬೇಕು, ಒಂದೂ ನೆಲಕ್ಕೆ ತಾಗಬಾರದು ಎಂದೂ, ಆಗದಿದ್ದರೆ ಬೇರೆಯವರನ್ನು ಕರೆಯೋಣ ಎಂದೂ ಹೇಳಿದರು.

ಅದನ್ನು ನಾನು ಟ್ರಂಕಕ್ಕನಿಗೆ ಮುಟ್ಟಿಸಿದೆ. ಆಯ್ತು ಸಾರ್ ಎಂದರು, ಅಷ್ಟೆ. ಗುರುವಾರ ಸಂಜೆ ಅವರ ಕೋಣೆಯ ಮುಂದೆ ಹಾದು ಹೋಗುವಾಗ ಟ್ರಂಕು ಮಂಚದಡಿಯಿಂದ ಹೊರಗೆ ಬಂದಿತ್ತು. ಹಗ್ಗವನ್ನು ನೀಟಾಗಿ ಸುತ್ತಿ ಅದರ ಮೇಲಿಟ್ಟಿದ್ದರು. ಆದರೂ ಮನೆಗೆ ಹೋಗಿ ದೊಡ್ಡಮ್ಮನ ಎದುರು ಬಾಯಿ ಬಿಡಲಿಲ್ಲ.

ಶುಕ್ರವಾರ ಮೇಟ್ರನ್ ಗಡಿಯಾರ ನೋಡಿಕೊಂಡು ನಿಂತರು. ಟ್ರಂಕಕ್ಕ ಮೊದಲ ಶೀಟು ತೆಗೆದುಕೊಂಡು ಕೊಕ್ಕೆಗಳ ಕಡೆ ನಡೆದರು. ಅಷ್ಟರಲ್ಲಿ ದೊಡ್ಡಮ್ಮ ದಿಂಬಿನ ಕವರುಗಳನ್ನು ಬದಿಗೆ ಸರಿಸಿ ಎದ್ದು ಬಂದಳು. ಶೀಟಿನ ಇನ್ನೊಂದು ತುದಿ ಹಿಡಿದಳು. ಎಲ್ಲರಿಗೂ ಕೇಳುವ ಹಾಗೆ, ನೀನು ಬಲಕ್ಕಿರು, ನಾನು ಎಡದವಳು ಎಂದಳು. ಐದೂ ಜೋಡಿಗಳು ಕೈ ನಿಲ್ಲಿಸಿ ನೋಡಿದವು. ಹತ್ತೊಂಬತ್ತು ವರ್ಷದ ಬಲದವಳು ಹೊಸಬಳೊಬ್ಬಳಿಗೆ ಎಡವಾಗುವುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಮೊದಲ ಶೀಟಿನಲ್ಲೇ ಎಡವಟ್ಟಾಯಿತು. ಮಾತೇನೋ ಎಡ ಎಂದಿತು, ಪಳಗಿದ ಕೈ ಕೇಳಬೇಕಲ್ಲ. ದೊಡ್ಡಮ್ಮನ ಬಲಗೈ ತಾನಾಗಿ ಎದೆಯವರೆಗೆ ಎದ್ದಿತು, ಆ ಕಡೆಯಿಂದ ಟ್ರಂಕಕ್ಕನದೂ ಬಲಗೈ. ಶೀಟು ತಿರುಚಿಕೊಂಡಿತು. ನಾನು ಜೋರಾಗಿ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ಅವಮಾನಕ್ಕೆ ಎಂದುಕೊಂಡೆ. ಟ್ರಂಕಕ್ಕ ಹತ್ತಿರ ಹೋಗಿ ತಿರುಚು ಬಿಡಿಸಿ, ಅವಳ ಕಿವಿಯಲ್ಲಿ ಏನೋ ಹೇಳಿ ತಮ್ಮ ಜಾಗಕ್ಕೆ ಬಂದರು.

ಆಮೇಲೆ ಅವರು ಹಿಡಿದದ್ದು ಬೇರೆಯೇ ಲಯ. ದೊಡ್ಡಮ್ಮ ನಿಂತಲ್ಲೇ ನಿಂತು ಎಡಗೈ ಮಾತ್ರ ಎತ್ತುತ್ತಿದ್ದಳು. ಟ್ರಂಕಕ್ಕ ಭಾರವನ್ನೆಲ್ಲ ತಮ್ಮ ಕಡೆ ಎಳೆದುಕೊಂಡು, ಬಿಗಿಯಾಗಿ ಹಿಡಿದು, ಪೂರ್ತಿ ದಾರಿ ತಾವೇ ನಡೆದು ಹೋಗಿ ಮಡಿಕೆ ಕೂಡಿಸಿ, ಶೀಟನ್ನು ಮೇಜಿಗಿಟ್ಟು ಹಿಂದಕ್ಕೆ ಬರುತ್ತಿದ್ದರು. ಹೋಗುವುದು, ಬರುವುದು. ಐವತ್ತೆರಡು ನಿಮಿಷಕ್ಕೆ ಅರವತ್ತು ಮುಗಿಯಿತು. ಕೆಂಪು ಬುಟ್ಟಿ ಖಾಲಿ ಇತ್ತು.

ಮೇಟ್ರನ್ ಕಣ್ಣು ಚುರುಕು. "ಇಬ್ಬರೂ ಅರ್ಧ ಅರ್ಧ ನಡೀಬೇಕಲ್ವಾ? ನೀವೊಬ್ಬರೇ ಯಾಕೆ ಪೂರ್ತಿ ನಡೀತೀರಿ?" ಎಂದು ಕೇಳಿದರು.

ಟ್ರಂಕಕ್ಕ ಸೆರಗಿನಿಂದ ಬೆವರು ಒರೆಸಿಕೊಂಡರು. "ಬಂದವಳು ನಾನಲ್ವಾ ಮೇಡಂ. ನಡೆಯೋದೂ ನಾನೇ."

ಮೇಟ್ರನ್ ನಕ್ಕು ಕಾಗದಕ್ಕೆ ಸಹಿ ಹಾಕಿದರು. ನನಗೆ ನಗು ಬರಲಿಲ್ಲ. ನಾನು ನೋಡುತ್ತಿದ್ದದ್ದು ದೊಡ್ಡಮ್ಮನ ಬಲಗೈಯನ್ನು. ಅವಳು ಎಡಗೈಯಿಂದ ಅದರ ಭುಜವನ್ನು ಒತ್ತಿ ಹಿಡಿದುಕೊಂಡಿದ್ದಳು. ಆಗ ಒಂದೊಂದೇ ನೆನಪಾಗತೊಡಗಿತು. ವರ್ಷದಿಂದ ನಮ್ಮ ಮನೆಯ ಪಾತ್ರೆಗಳೆಲ್ಲ ಮೇಲಿನ ಹಲಗೆಯಿಂದ ಕೆಳಕ್ಕೆ ಇಳಿದಿದ್ದವು. ಬಟ್ಟೆ ಒಣಹಾಕುವ ಹಗ್ಗವನ್ನು ತಗ್ಗಿಸಿ ಕಟ್ಟು ಎಂದು ನನ್ನಿಂದಲೇ ಕಟ್ಟಿಸಿದ್ದಳು. ಸೆಕೆ ಎಂದು ಕೂದಲು ಗಿಡ್ಡ ಮಾಡಿಸಿಕೊಂಡಾಗ, ಈ ವಯಸ್ಸಿನಲ್ಲಿ ಫ್ಯಾಷನ್ನಾ ಎಂದು ಗೇಲಿ ಮಾಡಿದ್ದೆ. ಲಾಂಡ್ರಿಯಲ್ಲಿ ಒಂದು ಟವೆಲ್ ಕಮ್ಮಿಯಾದರೂ ಕಂಡುಹಿಡಿಯುವ ಗಂಡು ನಾನು, ನನ್ನನ್ನು ಎತ್ತಿ ಆಡಿಸಿದ ಕೈ ಏಳುತ್ತಿಲ್ಲವೆಂದು ಕಾಣಲಿಲ್ಲ.

ಸಂಜೆ ಮನೆಯಲ್ಲಿ ಕೇಳಿದೆ. ಭುಜ ಹಿಡಿದುಕೊಂಡು ಒಂದೂವರೆ ವರ್ಷವಾಗಿತ್ತು. ಹಳೇ ಜೊತೆಗಾತಿಗೆ ಗೊತ್ತಿತ್ತು, ಅವರು ಮುಚ್ಚಿಟ್ಟು ಸಂಭಾಳಿಸಿದರು. ಅವರು ಹೋದ ಮೇಲೆ ಹೊಸಬರ ಕಣ್ಣಿಗೆ ಬೀಳಬಾರದೆಂದು ಇವಳು ದಿಂಬಿನ ಕವರಿಗೆ ಹೋಗಿ ಕೂತದ್ದು. ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಕೈಲಾಗದವಳು ಎಂದು ಅಷ್ಟರಲ್ಲೇ ಮನೆಗೆ ಕಳಿಸಿಬಿಟ್ಟರೆ ಎಂಬ ಭಯ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ನನ್ನ ದನಿ ಏರಿತ್ತು. ಅವಳದು ಏರಲಿಲ್ಲ.

"ಪಟ್ಟಿ ಬರೆಯೋನು ನೀನು ಕಣೋ. ಹೇಳಿದ್ರೆ ನೀನು ಅದನ್ನ ಮೇಲಿನವರಿಗೆ ಬರೀಬೇಕಾಗ್ತಿತ್ತು. ಬರೀದೇ ಇದ್ರೆ ನಿನ್ನ ಕೆಲಸಕ್ಕೆ ಕುತ್ತು. ನಿನ್ನನ್ನ ಯಾಕೆ ಸಿಕ್ಕಿಸಲಿ?"

ಟ್ರಂಕಕ್ಕನಿಗೆ ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಮೇಟ್ರನ್ ಪರೀಕ್ಷೆಯ ಸುದ್ದಿ ಕಿವಿಗೆ ಬಿದ್ದು, ಗುರುವಾರ ಊಟದ ಹೊತ್ತಿಗೆ ದೊಡ್ಡಮ್ಮನೇ ತಡೆಯಲಾರದೆ, ನಿನ್ನ ಜೊತೆ ನಿಲ್ಲೋ ಆಸೆ ಇದೆ, ಆದರೆ ಕೈ ಏಳಲ್ಲ ಎಂದಳಂತೆ. ಮೊದಲ ದಿನವೇ ಗೊತ್ತಾಯ್ತು ದೊಡ್ಡಮ್ಮ ಎಂದರಂತೆ ಟ್ರಂಕಕ್ಕ. ಭುಜ ಹಿಡಿದವರು ಕೆಲಸದ ಕೋಟು ಹಾಕಿಕೊಳ್ಳುವಾಗ ನೋವಿರುವ ಕೈಯನ್ನು ಮೊದಲು ತೂರಿಸುತ್ತಾರೆ, ಆಮೇಲೆ ಇನ್ನೊಂದನ್ನು. ಬಣ್ಣ ಬಳಿದು ಬಳಿದು ಭುಜ ಕಳೆದುಕೊಂಡ ಗಂಡನಿಗೆ ಎರಡು ವರ್ಷ ಹಾಗೆಯೇ ಅಂಗಿ ತೊಡಿಸಿದವರು ಅವರು. ಅದಕ್ಕೇ ದೊಡ್ಡಮ್ಮನ ದಿಂಬಿನ ಕವರಿನ ಕಟ್ಟುಗಳನ್ನು ಅವರು ದಿನಾ ಸೊಂಟದೆತ್ತರದ ಹಲಗೆಯಲ್ಲೇ ಇಟ್ಟಿರುತ್ತಿದ್ದರು. ಟ್ರಂಕಕ್ಕ ನನಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಮುದುಕಿಯ ಕೈಲಾಗಲ್ಲ, ಬೇರೆ ಜೋಡಿ ಕೊಡಿ ಎಂದು. ಅವರ ಕೆಲಸ ಉಳಿಯುತ್ತಿತ್ತು. ಟ್ರಂಕಿನ ಮೇಲೆ ಹಗ್ಗ ಸುತ್ತಿಟ್ಟರೇ ಹೊರತು ಆ ಮಾತು ಆಡಲಿಲ್ಲ.

ನಾನು ಏನೂ ಬರೆಯಲಿಲ್ಲ. ಶೀಟು ನೆಲಕ್ಕೆ ತಾಗಬಾರದು ಎಂದು ನಿಯಮದಲ್ಲಿದೆ, ಯಾರು ಎಷ್ಟು ನಡೆಯಬೇಕು ಎಂದಿಲ್ಲ. ತಲೆಯ ಮೇಲೆ ಮೂರು ಮಹಡಿ ತುಂಬ ಡಾಕ್ಟರುಗಳಿದ್ದರೂ ಕದ್ದುಮುಚ್ಚಿ ಮೂರು ಬೀದಿ ಆಚೆಯ ಡಾಕ್ಟರ ಹತ್ತಿರ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಆರು ತಿಂಗಳಲ್ಲಿ ಕೈ ಕಿವಿಯವರೆಗೆ ಬಂತು. ಹದಿನಾಲ್ಕನೇ ತಿಂಗಳು ಅವಳು ತಲೆಯೆತ್ತಿಕೊಂಡೇ ನಿವೃತ್ತಳಾದಳು. ಟ್ರಂಕಕ್ಕ ಈಗ ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಆದರೂ ಹೊಸಬರು ಬಂದರೆ ಪೂರ್ತಿ ದಾರಿ ಇವರೇ ನಡೆದು ಹೋಗುತ್ತಾರೆ, ಅಭ್ಯಾಸವಂತೆ. ಭಾನುವಾರ ನಮ್ಮ ಮನೆಗೆ ಬಂದು ದೊಡ್ಡಮ್ಮನ ಜೊತೆ ಸೇರಿ ನಮ್ಮ ಹೊದಿಕೆಗಳನ್ನು ಮಡಚಿಟ್ಟು ಹೋಗುತ್ತಾರೆ. ನಾನು ಕೈ ಹಾಕಿದರೆ ಇಬ್ಬರೂ ಗದರುತ್ತಾರೆ. ಬದುಕಿನಲ್ಲಿ ನಾನು ಯಾರಿಗೆ ಋಣಿ ಎಂದು ಕೇಳಿದರೆ ಈ ಇಬ್ಬರ ನಡುವೆ ಯಾರನ್ನು ಮೊದಲು ಹೇಳಲಿ ಎಂದು ತಿಳಿಯುವುದಿಲ್ಲ.

ಆ ಶನಿವಾರದ ಬೆಳಿಗ್ಗೆಯನ್ನು ಮಾತ್ರ ಹೇಳಿಬಿಡುತ್ತೇನೆ. ಖಾಯಂ ಆದ ಕಾಗದಕ್ಕೆ ಸೀಲು ಹಾಕಿಸಿ ತಂದು ಟ್ರಂಕಕ್ಕನ ಕೈಗೆ ಕೊಟ್ಟೆ. ದೊಡ್ಡಮ್ಮನ ವಿಷಯಕ್ಕೆ ಕೈ ಮುಗಿಯಬೇಕೆಂದಿದ್ದೆ, ಕೈ ಎತ್ತಿದವನು ಅರ್ಧಕ್ಕೇ ಇಳಿಸಿದೆ. ಅವರಿಗೆ ಅರ್ಥವಾಯಿತು. ನನ್ನ ಎದುರು ತುದಿ ಹಿಡಿಯೋಕೆ ಅವರು ಎದ್ದು ಬಂದರಲ್ಲ ಸಾರ್, ಕೈ ಮುಗಿಯಬೇಕಾದವಳು ನಾನು ಎಂದರು. ಕಾಗದವನ್ನು ಎರಡು ಸಲ ಓದಿ, ಒಂದು ಫೋನ್ ಮಾಡಬಹುದಾ ಎಂದು ಕೇಳಿದರು. ಸ್ಟೋರಿನ ಫೋನನ್ನು ಅವರ ಕಡೆ ತಿರುಗಿಸಿ ಕೊಟ್ಟೆ. ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ.

ಆ ಕಡೆ ತಮ್ಮ ಎತ್ತಿಕೊಂಡ. ಊಟ, ಮಳೆ, ಮಕ್ಕಳ ಓದು ಎಲ್ಲ ವಿಚಾರಿಸಿದರು. ಯಾವತ್ತು ಬರ್ತೀಯ ಎಂದು ಅವನು ಕೇಳಿರಬೇಕು. ಟ್ರಂಕಕ್ಕ ಕೈಯಲ್ಲಿದ್ದ ಕಾಗದವನ್ನು ಮಡಚಿದರು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ತಮ್ಮಾ, ನನ್ನ ಹಾಸಿಗೆ ಸುತ್ತಿಟ್ಟುಬಿಡು."

ಫೋನ್ ಇಟ್ಟು ಮುಖ ಒರೆಸಿಕೊಂಡು ಒಳಗೆ ನಡೆದರು. ಅಲ್ಲಿ ದೊಡ್ಡಮ್ಮ ಎಡಗೈಯಲ್ಲಿ ಶೀಟಿನ ತುದಿ ಹಿಡಿದುಕೊಂಡು ಆಗಲೇ ಕಾಯುತ್ತಿದ್ದಳು.