ತೀರ್ಮಾನವಾಗದವನಿಗೊಂದು ಓಟು

ಚುನಾವಣೆಯ ದಿನಗಳಲ್ಲಿ ತೀರ್ಮಾನ ಮಾಡಿಬಿಟ್ಟ ಮನುಷ್ಯನಿಗೆ ಯಾರೂ ಕಾಫಿ ಕೊಡಿಸುವುದಿಲ್ಲ. ನಮ್ಮವನಾದರೆ ಕೊಡಿಸಬೇಕಾಗಿಲ್ಲ, ಅವರವನಾದರೆ ಕೊಡಿಸಿ ಪ್ರಯೋಜನವಿಲ್ಲ. ಕೊಡಗೇ ಒಂದು ರಾಜ್ಯವಾಗಿದ್ದ ಕಾಲದ ಮೊದಲ ಚುನಾವಣೆಯಲ್ಲಿ ಈ ಸತ್ಯವನ್ನು ನಾನು ಕುಶಾಲನಗರದ ಮೊಯ್ದು ಕಾಕಾನ ಹೋಟೆಲಿನ ಬೆಂಚಿನ ಮೇಲೆ ಕುಳಿತು, ದಿನಕ್ಕೆ ಎರಡು ಲೋಟದಂತೆ, ಎರಡೂ ಪಕ್ಷಗಳ ಖರ್ಚಿನಲ್ಲಿ ಕಂಡುಕೊಂಡೆ.

ಕೊಡಗು ಮೈಸೂರು ರಾಜ್ಯದೊಂದಿಗೆ ಸೇರಬೇಕೆನ್ನುವವರ ಜೀಪು ಬೆಳಗ್ಗೆ ಬರುತ್ತಿತ್ತು, ಬೇರೆಯಾಗಿಯೇ ಇರಬೇಕೆನ್ನುವವರದು ಸಂಜೆ. ನಾನು ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆತನದ ಶಾಲಾ ಮೇಷ್ಟ್ರು. ನನ್ನ ಓಟು ಹುಟ್ಟಿನಿಂದಲೇ ತಮ್ಮದೆಂದು ಬೆಳಗಿನವರು ಭಾವಿಸಿದ್ದರು. ಕಾವೇರಿಯ ಈ ದಡದ ಅನ್ನ ತಿಂದವನೆಂದು ಸಂಜೆಯವರು ಜ್ಞಾಪಿಸುತ್ತಿದ್ದರು. ಇಬ್ಬರ ಮಾತೂ ನನಗೆ ಸರಿಯಾಗಿಯೇ ಕಾಣುತ್ತಿತ್ತು.

"ಎಂದಾ ಮಾಷೇ, ಇನ್ನೂ ತೀರ್ಮಾನ ಆಗ್ಲಿಲ್ಲ?" ಎಂದು ಕಾಕಾ ತನ್ನ ಮಲಯಾಳ ಬೆರೆಸಿ ಕೇಳುವನು. "ಆಗೋದು ಬೇಡ ಬಿಡಿ, ನನ್ನ ವ್ಯಾಪಾರ ನಡೀತಾ ಇದೆ."

ಮನೆಯಲ್ಲಿ ಮಾತ್ರ ಈ ಸಮತೋಲನಕ್ಕೆ ಬೆಲೆಯಿರಲಿಲ್ಲ. ನನ್ನ ಹೆಂಡತಿ ಮೊದಲ ಜೀಪು ಬಂದ ದಿನವೇ ನಿರ್ಧರಿಸಿದ್ದಳು. "ಮಡಿಕೇರಿಗಾದ್ರೆ ಬೆಳಗ್ಗೆ ಬಸ್ಸು ಹತ್ತಿ ಅರ್ಜಿ ಕೊಟ್ಟು ಸಾಯಂಕಾಲಕ್ಕೆ ಮನೆ ಸೇರಬಹುದು. ಬೆಂಗಳೂರಿಗೆ ಹೋಗಿ ಯಾರ ಜಗಲಿ ಮೇಲೆ ಮಲಗ್ಲಿ?" ಹಾಸನದಲ್ಲಿ ಹುಟ್ಟಿದವಳು ಕೊಡಗು ಬೇರೆಯಾಗಿಯೇ ಇರಲೆನ್ನುವುದನ್ನು ಎರಡು ಜೀಪಿನವರೂ ಊಹಿಸಿರಲಾರರು.

ಆದರೆ ಅವಳಿಗೆ ಓಟಿರಲಿಲ್ಲ. ಇಲ್ಲದಂತೆ ಮಾಡಿದವನು ನಾನು.

ಇದನ್ನು ನಿಧಾನವಾಗಿ ಹೇಳಬೇಕು. ಪ್ರಚಾರಕ್ಕೆ ಬಹಳ ಮೊದಲು, ನಮ್ಮ ಬೀದಿಯ ಮತದಾರರ ಪಟ್ಟಿ ಬರೆಯುವ ಕೆಲಸ ನನಗೆ ಬಿದ್ದಿತ್ತು. ಪರರ ಬಾಗಿಲಲ್ಲಿ ನಿಂತು ಹೆಂಗಸರ ಹೆಸರು ಕೇಳಲು ನನಗೆ ನಾಲಗೆ ಬರಲಿಲ್ಲ. ಗಂಡಸರೂ ತಾವಾಗಿ ಹೇಳಲಿಲ್ಲ. ಸಭ್ಯತೆಯ ಹೆಮ್ಮೆಯಿಂದ, ಗುಂಡಗಿನ ಅಕ್ಷರದಲ್ಲಿ, ತಿಮ್ಮೇಗೌಡರ ಹೆಂಡತಿ, ಸಣ್ಣಪ್ಪನವರ ತಾಯಿ ಎಂದು ಬರೆಯುತ್ತಾ ಹೋದೆ. ನಮ್ಮ ಮನೆಯ ಸರದಿ ಬಂದಾಗ, ಎಲ್ಲ ಒಂದೇ ರೀತಿ ಇರಲೆಂದು, ಅವಳನ್ನೂ ಹಾಗೆಯೇ ಬರೆದೆ. ಅವಳು ಒಳಗೆ ರಾಗಿ ಬೀಸುತ್ತಿದ್ದಳು, ಕರೆದಿದ್ದರೆ ಕೇಳಿಸುತ್ತಿತ್ತು. ಸ್ವಂತ ಹೆಸರಿಲ್ಲದ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕೆಂಬ ಆಜ್ಞೆ ಬಂದಾಗ ನಮ್ಮ ಬೀದಿಯಲ್ಲಿ ಒಬ್ಬಳೂ ಉಳಿಯಲಿಲ್ಲ. ಸಾಲುಸಾಲು ಕೆಂಪು ಗೆರೆಗಳ ಆ ಹಾಳೆಯನ್ನು ನಾನು ಕಣ್ಣಾರೆ ಕಂಡೆ. ಗೆರೆಗಳ ಕೆಳಗಿನ ಅಕ್ಷರ ಆಗಲೂ ಚೆನ್ನಾಗಿಯೇ ಇತ್ತು.

ಓಟಿನ ಹಿಂದಿನ ದಿನ ನನಗೊಂದು ಉಪಾಯ ಹೊಳೆಯಿತು. ನನಗಂತೂ ತೀರ್ಮಾನವಿಲ್ಲ, ಅವಳ ತೀರ್ಮಾನವನ್ನೇ ನನ್ನ ಚೀಟಿಯಲ್ಲಿ ಹಾಕಿಬಿಟ್ಟರೆ ತಪ್ಪಿಗೆ ಪರಿಹಾರವೂ ಆಯಿತು, ಯೋಚಿಸುವ ಕಷ್ಟವೂ ತಪ್ಪಿತು. ಬಹಳ ಉದಾರನಾಗಿ ಇದನ್ನು ತಿಳಿಸಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಬೇಡ. ನಿಮ್ಮ ಕೈಲಿ ಹಾಕಿಸಿದ್ರೆ ನಾನು ಮತ್ತೆ ಮೇಷ್ಟ್ರ ಹೆಂಡ್ತೀನೇ ಆದೆ. ನಿಮ್ಮ ಓಟಿಗೆ ನೀವೇ ತಲೆ ಕೆಡಿಸ್ಕೊಳ್ಳಿ."

ಮರುದಿನ ಪರದೆಯ ಹಿಂದೆ, ಅಭ್ಯರ್ಥಿಗೊಂದರಂತೆ ಇಟ್ಟ ಪೆಟ್ಟಿಗೆಗಳ ಮುಂದೆ, ಹೊರಗಿನವರು ಕೆಮ್ಮುವಷ್ಟು ಹೊತ್ತು ಚೀಟಿ ಹಿಡಿದು ನಿಂತೆ. ಎರಡೂ ಕಡೆ ಸರಿಯೆನ್ನುವುದು ವಿವೇಕವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಅದು ಆ ಪಟ್ಟಿ ಬರೆದ ಸಭ್ಯತೆಯ ಒಡಹುಟ್ಟೇ ಎಂದು ಆಗ ಹೊಳೆಯಿತು: ಯಾರನ್ನೂ ಬಾಯಿಬಿಟ್ಟು ಕೇಳದೆ, ಯಾರಿಗೂ ಬಾಯಿಬಿಟ್ಟು ಹೇಳದೆ ಒಳ್ಳೆಯವನೆನಿಸಿಕೊಳ್ಳುವ ಜಾಣತನ. ಕಾವೇರಿಯ ಸೇತುವೆಯಾಚೆ ಮೈಸೂರು ಸೀಮೆಯಲ್ಲಿ ನನ್ನ ತಂಗಿಯ ಮನೆ. ಒಂದೇ ಹೊಳೆಯ ನೀರು ಕುಡಿಯುವ ನಮಗೆ ಎರಡು ಸರ್ಕಾರ ಏಕೆಂದು, ಯಾರೂ ಕಾಫಿ ಕೊಡಿಸದೆಯೇ, ನನಗೆ ನಿಜವಾಗಿ ಅನಿಸಿತು. ಬೆಳಗಿನವರ ಪೆಟ್ಟಿಗೆಗೆ ಚೀಟಿ ಹಾಕಿದೆ.

ಮನೆಗೆ ಬಂದು ಹಾಗೆಯೇ ಹೇಳಿದೆ. "ತಪ್ಪು ಮಾಡಿದ್ರಿ" ಎಂದಳು. ಊಟ ಬಡಿಸುತ್ತಾ ಏಕೆ ತಪ್ಪೆಂದು ವಿವರಿಸಿದಳು, ನಾನೂ ಬಿಟ್ಟುಕೊಡಲಿಲ್ಲ. ಮದುವೆಯಾದ ಮೇಲೆ ನಾವು ಸಮಸಮವಾಗಿ ಜಗಳವಾಡಿದ್ದು ಅದೇ ಮೊದಲು.

ಪಟ್ಟಿ ತಿದ್ದುವ ಕಾಲ ಬಂದಾಗ ಆ ಕೆಲಸವನ್ನು ನಾನಾಗಿ ಕೇಳಿ ಪಡೆದೆ. ಮೊದಲು ನಮ್ಮ ಬಾಗಿಲಿಗೇ ಹೋಗಿ, ಹೊರಗೇ ನಿಂತು, "ನಿಮ್ಮ ಹೆಸರು ಹೇಳಿ" ಎಂದೆ. ಅವಳು ಕೈ ಒರೆಸಿಕೊಂಡು ಬಂದು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ದೇವೀರಮ್ಮ. ಬರ್ಕೊಳ್ಳಿ. ಮುಂದಿನ ಸಲ ನಿಮ್ಮ ಓಟನ್ನ ಹೊಡೆದು ಹಾಕೋಕೆ ನಂಗೊಂದು ಓಟು ಬೇಕು."

ಬರೆದುಕೊಂಡೆ. ಎದುರು ಮನೆಯ ಬಾಗಿಲಿಗೆ ತಿಮ್ಮೇಗೌಡರ ಹೆಂಡತಿ ಆಗಲೇ ಬಂದು ನಿಂತಿದ್ದರು. ಅಷ್ಟು ವರ್ಷದ ನೆರೆಯವರ ಹೆಸರು ನನಗಿನ್ನೂ ಗೊತ್ತಿರಲಿಲ್ಲ. ಕೇಳಲು ಬೀದಿ ದಾಟಿದೆ.