ಹೌದು, ಇಲ್ಲ, ನೋಡಾಣ

ಕಡೂರಿನ ಮದುವೆಯೊಂದರ ಎರಡನೇ ಪಂಕ್ತಿಯಲ್ಲಿ ಸುದರ್ಶನನ ಫೋನು ನಡುಗಿತು. ಸಂದೇಶ ನೋಡಿದವನೇ, "ಸರ್ವರ್ ಬಿದ್ದೋಯ್ತು" ಎಂದ, ಸ್ವಲ್ಪ ಜೋರಾಗಿಯೇ. ಅಕ್ಕಪಕ್ಕದ ನಾಲ್ವರು ಎಲೆ ಬಿಟ್ಟೆದ್ದು, ಸಾಂಬಾರಿನ ಬಕೆಟ್ ಹಿಡಿದು ನಿಂತಿದ್ದ ಸರ್ವರ್ ರಾಜಶೇಖರನತ್ತ ಓಡಿದರು. ಮೂವತ್ತು ವರ್ಷದಿಂದ ಬಡಿಸುತ್ತಿದ್ದ ರಾಜಶೇಖರ ಒಮ್ಮೆಯೂ ಬಿದ್ದವನಲ್ಲ. ಅಷ್ಟು ಜನ ಎತ್ತಲು ಬಂದ ಗಾಬರಿಗೆ ಅವತ್ತು ಬಿದ್ದ. ಸಾಂಬಾರು ಸುದರ್ಶನನ ಪಂಚೆಗೆ ಡೌನ್‌ಲೋಡ್ ಆಯಿತು.

"ಇವರಲ್ಲ ಕಣ್ರೀ, ನನ್ನ ಸರ್ವರ್."

"ನಿಂಗೂ ಒಬ್ಬ ಇದಾನಾ?" ರಾಜಶೇಖರ ನೆಲದಿಂದಲೇ ಕೇಳಿದ. "ಎಷ್ಟ್ ಪಂಕ್ತಿ ಬಡಿಸ್ತಾನೆ?"

ಸಾಫ್ಟ್‌ವೇರ್ ಬರೆಯುವ ನಲವತ್ತೊಂದರ ಸುದರ್ಶನನ ಕಚೇರಿ ಇರುವುದು ಅಜ್ಜಂಪುರದಲ್ಲಿ, ಗೊಬ್ಬರದಂಗಡಿಯ ಮಹಡಿಯಲ್ಲಿ. ಕೆಳಗೆ ಮಾಲು ಚೀಲದಲ್ಲಿ, ಮೇಲೆ ಕೋಡಿನಲ್ಲಿ ಎನ್ನುವವರು ಅವನ ಹಿತೈಷಿಗಳು. ಮದುವೆಯ ಏರ್ಪಾಡುಗಳನ್ನು ಗೊತ್ತುಮಾಡುವ ತಂತ್ರಾಂಶ ಅವನ ಮೂರು ವರ್ಷದ ತಪಸ್ಸು. ಮಂಟಪ ಕಡೂರಿನದು, ಅಡಿಗೆಯವರು ತರೀಕೆರೆಯವರು, ವಾಲಗ ಅಜ್ಜಂಪುರದ್ದು. ಮೂವರೂ ಒಪ್ಪಿದರೆ ಮೂರನ್ನೂ ಬರೆದುಕೊ, ಒಬ್ಬ ಒಪ್ಪದಿದ್ದರೂ ಎಲ್ಲ ಅಳಿಸು. ಊಟವಿದ್ದು ಮಂಟಪವಿಲ್ಲದ ಮದುವೆ ಆಗಬಾರದಲ್ಲ. ಈ ಕಾವಲು ಕೆಲಸವನ್ನು ಅವನು ಕಚೇರಿಯ ಕಂಪ್ಯೂಟರಿನಲ್ಲಿದ್ದ ಅಪ್ಲಿಕೇಶನ್ ಸರ್ವರಿಗೆ ವಹಿಸಿದ್ದ. ಸರ್ವರ್ ಇರುವುದು ಸರ್ವರಿಗಾಗಿ ಎಂದು ಬಾಗಿಲ ಮೇಲೆ ಬರೆಸಿಯೂ ಇದ್ದ.

ಅದರೊಳಗೆ ಓಡುವ ಕೋಡಿನ ತುಣುಕುಗಳಿಗೆ ‘ಬೀನ್’ ಎಂದು ಹೆಸರು. ತರೀಕೆರೆಯ ಅಡಿಗೆ ರಂಗಯ್ಯನಿಗೆ ಅದನ್ನು ವಿವರಿಸಲು ಹೋದದ್ದು ಅವನ ತಪ್ಪು.

"ಬರೀ ಬೀನ್ಸಲ್ಲಿ ಮದ್ವೆ ಮಾಡ್ತೀಯೇನಪ್ಪಾ? ಬೂದುಗುಂಬಳ ಬ್ಯಾಡ್ವಾ?"

ದೊಡ್ಡ ತಪ್ಪು ಇನ್ನೊಂದಿತ್ತು. ‘ಹೌದು’ ಎಂಬುದನ್ನು ಬಿಟ್ಟು ಯಾರು ಏನೇ ಉತ್ತರ ಕಳಿಸಿದರೂ ‘ಇಲ್ಲ’ ಎಂದೇ ತಿಳಿಯಬೇಕೆಂದು ಅವನು ಸರ್ವರಿಗೆ ಹೇಳಿಕೊಟ್ಟಿದ್ದ. ಹುಟ್ಟಿದ್ದು ಇದೇ ಸೀಮೆಯಲ್ಲಿ, ಬುದ್ಧಿ ಮಾತ್ರ ಮ್ಯಾನುಯಲ್ಲಿನದು.

ಅಮೃತಾಪುರದ ಮೀನಾಕ್ಷಮ್ಮ ಮಗಳು ಭವ್ಯಳ ಮದುವೆಗೆ ಅವನನ್ನೇ ನಂಬಿದರು. ಎರಡೂ ಕಡೆಯ ಜಾತಕಕ್ಕೆ ಒಗ್ಗುವ ಮುಹೂರ್ತ ವರ್ಷದಲ್ಲಿ ಒಂದೇ. ಮಂಟಪದ ಮ್ಯಾನೇಜರ್ ಆನಂದ್ ‘ಹೌದು’ ಕಳಿಸಿದ. ವಾಲಗದವರೂ ‘ಹೌದು’. ರಂಗಯ್ಯ ‘ನೋಡಾಣ’ ಎಂದು ಕಳಿಸಿದ. ಸರ್ವರ್ ನೋಡಲಿಲ್ಲ, ಮೂರನ್ನೂ ಅಳಿಸಿತು. ಖಾಲಿಯಾದ ಮಂಟಪಕ್ಕೆ ಗಂಟೆಯೊಳಗೆ ಕುಕ್ಕರ್ ಕಂಪನಿಯೊಂದರ ಏಜೆಂಟರ ಸಮಾವೇಶ ಸೀಟಿ ಹೊಡೆದು ಬುಕ್ ಆಯಿತು.

ಮರುದಿನ ಮೀನಾಕ್ಷಮ್ಮ ಎರಡು ಬಸ್ಸು ಬದಲಿಸಿ ಬಂದು ಮಹಡಿ ಹತ್ತಿದರು.

"ರೋಲ್‌ಬ್ಯಾಕ್ ಆಗಿದೆ ಅಮ್ಮಾ, ಬರ್ದಿದ್ದೆಲ್ಲ ಅಳಿಸಿ ಹೋಗಿದೆ."

"ಯಾವ ಬ್ಯಾಕೋ ನಂಗೊತ್ತಿಲ್ಲ. ಬೀಗ್ರಿಗೆ ಮುಖ ತೋರ್ಸೋದು ಫ್ರಂಟಲ್ಲಿ."

ಸುದರ್ಶನ ರಂಗಯ್ಯನಿಗೆ ಫೋನು ಹಚ್ಚಿದ. "ಆಗಲ್ಲ ಅಂತ ಯಾಕೆ ಹೇಳಿದ್ರಿ?"

"ಯಾವಾಗಂದೆ? ನೋಡಾಣ ಅಂದೆ. ಆಗ್ಲೇ ಎರಡ್ ಸಾವ್ರ ಎಲೆಗೆ ಹೇಳ್ಬಿಟ್ಟಿದೀನಿ."

"ನೋಡಾಣ ಅಂದ್ರೆ ಹೌದಾ?"

"ಮತ್ತೇನು? ಆಗ್ದಿದ್ರೆ ‘ಬತ್ತೀನಿ ಬಿಡು’ ಅಂತಿದ್ದೆ. ನಿಮ್ಮಪ್ಪನ್ನ ಕೇಳು."

ಮೀನಾಕ್ಷಮ್ಮ ಅವನನ್ನು ನೋಡಿದ ನೋಟಕ್ಕೆ ಅಳಿಸುವ ಯಾವ ಬಟನ್ನೂ ಇರಲಿಲ್ಲ. "ಅಷ್ಟೂ ತಿಳೀದೇ ಅದೇನ್ ಓದಿದ್ಯೋ?"

ಮುಂದಿನ ಎರಡು ಗಂಟೆ ಸರ್ವರಿಗೆ ಬಿಡುವು. ಸುದರ್ಶನನೇ ಆನಂದನ ಕಾಲು ಹಿಡಿದ, ಫೋನಿನಲ್ಲಿ. ಕುಕ್ಕರ್‌ನವರು ಮೊದಲೆರಡು ಸಲ ಉಗಿದು, ಮೂರನೆಯ ಸಲಕ್ಕೆ ಇಳಿದು, ಸಮಾವೇಶವನ್ನು ಹಿಂದಿನ ದಿನಕ್ಕೆ ಸರಿಸಿಕೊಂಡರು. ಸುದರ್ಶನ ಮತ್ತೆ ಅರ್ಜಿ ಒತ್ತಿದ. ಪರದೆಯ ಮೇಲೆ ಮಂಟಪದ ದೀಪ ಹಸಿರಾಯಿತು. ವಾಲಗ ಹಸಿರಾಯಿತು. ರಂಗಯ್ಯ ಬೈದುಕೊಂಡು ‘ಹೌದು’ ಎಂದು ಕಳಿಸಿದ. ಮೂರೂ ದೀಪ ಹೊತ್ತಿ, ಕೆಳಗೆ ‘ಖಾಯಂ’ ಎಂಬ ಪದ ಮೂಡಿತು.

ಮೀನಾಕ್ಷಮ್ಮ ಕನ್ನಡಕ ಏರಿಸಿ ಪರದೆ ನೋಡಿದರು. ಆ ಪೆಟ್ಟಿಗೆಯ ಮೇಲೆ ಅವರಿಗಿದ್ದ ನಂಬಿಕೆಯೂ ರೋಲ್‌ಬ್ಯಾಕ್ ಆಗಿತ್ತು.

"ಅದು ಹೇಳೋದ್ ಬ್ಯಾಡ, ನೀನ್ ಹೇಳಪ್ಪಾ. ನನ್ ಮಗಳ ಮದ್ವೆ ಗಟ್ಟಿಯಾಯ್ತಾ?"

ಮೂರು ವರ್ಷ ಊರಿನವರಿಂದ ಹೌದು, ಇಲ್ಲ ಎರಡರಲ್ಲೊಂದನ್ನು ಹೊರಡಿಸಲು ಹೆಣಗಿದ ಸುದರ್ಶನ ಮೂರು ಹಸಿರು ದೀಪಗಳನ್ನು ಇನ್ನೊಮ್ಮೆ ನೋಡಿ, ಬೆವರೊರೆಸಿಕೊಂಡು ಹೇಳಿದ:

"ನೋಡಾಣ."